ಬ್ರೆಮ್ಸ್‌ಶ್ಟ್ರಾಲುಂಗ್: ನಡುವೆ ಎರಡು ‘ಎಸ್’ ಯಾಕೆ?

ಆಲ್ಫಾ, ಬೀಟಾ, ಗಾಮಾ ಮುಗಿಸಿ ಮುಂದೆ ಹೋದವರಿಗೆ ನಾಲಿಗೆ ತೊಡರುವ ಒಂದು ಪದ ಎದುರಾಗುತ್ತದೆ: ಬ್ರೆಮ್ಸ್‌ಶ್ಟ್ರಾಲುಂಗ್. ಜರ್ಮನ್ ಪದ. ಇಂಗ್ಲಿಷಿನವರೂ ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ. ಬಿಡಿಸಿದರೆ ಎರಡೇ ತುಂಡು. ‘ಬ್ರೆಮ್ಸೆನ್’ ಎಂದರೆ ಬ್ರೇಕ್ ಹಾಕುವುದು, ‘ಶ್ಟ್ರಾಲುಂಗ್’ ಎಂದರೆ ವಿಕಿರಣ. ಕನ್ನಡದಲ್ಲಿ ‘ತಡೆ ವಿಕಿರಣ’ ಎನ್ನಬಹುದಿತ್ತು, ಆದರೆ ವಿಕಿರಣವನ್ನು ತಡೆಯುವುದು ಎಂಬ ತಿರುಗಾಮುರುಗಾ ಅರ್ಥ ಬಂದುಬಿಡುತ್ತದೆ. ಮೂಲ ಪದವೇ ವಾಸಿ.

ರೋಮನ್ ಲಿಪಿಯಲ್ಲಿ ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ನಡುವಿನ ಎರಡು ‘ಎಸ್’ಗಳಲ್ಲಿ ಮೊದಲನೆಯದು ‘ಬ್ರೆಮ್ಸ್’ನ ಕೊನೆ, ಎರಡನೆಯದು ‘ಶ್ಟ್ರಾಲುಂಗ್’ನ ಮೊದಲು. ಒಂದನ್ನು ನುಂಗಿದರೆ ಸಮಾಸದ ಬೆಸುಗೆಯೇ ಕಾಣೆ. ಇನ್ನೊಂದು, ‘ಎ’ ಆದಮೇಲಿನ ‘ಎಚ್’. ಅದಕ್ಕೆ ಉಚ್ಚಾರವಿಲ್ಲ, ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಅದರ ಕೆಲಸ. ಹಾಗಾಗಿ ಕನ್ನಡದಲ್ಲಿ ‘ಟ್ರಾ’ ದೀರ್ಘ, ಹಕಾರ ಬೇಡ. ಇಂಗ್ಲಿಷ್ ಬಾಯಲ್ಲಿ ಇದು ‘ಬ್ರೆಮ್‌ಸ್ಟ್ರಾಲಂಗ್’ ಆಗಿದೆ. ಪ್ರಯೋಗಾಲಯಗಳಲ್ಲಿ ಕೇಳಿಸುವುದು ಅದೇ, ತಕರಾರೇನಿಲ್ಲ.

ರಾಂಟ್‌ಗೆನ್ 1895ರಲ್ಲಿ ಎಕ್ಸ್ ಕಿರಣ ಕಂಡಾಗ ಅದು ಹುಟ್ಟುವ ಬಗೆ ಯಾರಿಗೂ ತಿಳಿದಿರಲಿಲ್ಲ. ವೇಗದ ಎಲೆಕ್ಟ್ರಾನ್ ಥಟ್ಟನೆ ನಿಧಾನವಾದರೆ ವಿದ್ಯುತ್ಕಾಂತೀಯ ಅಲೆ ಹೊಮ್ಮಬೇಕು ಎಂಬ ವಿವರಣೆಯನ್ನು ಮುಂದೆ ಲೆಕ್ಕಕ್ಕೆ ತಂದವರಲ್ಲಿ ಜರ್ಮನ್ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಮುಖ್ಯರು. ಎಲೆಕ್ಟ್ರಾನ್ ಪರಮಾಣುವಿನ ಬೀಜದ ಹತ್ತಿರ ಹಾಯುವಾಗ ಅದರ ದಾರಿ ಬಾಗುತ್ತದೆ, ಕಳೆದುಕೊಂಡ ಶಕ್ತಿ ಫೋಟಾನ್ (ವಿದ್ಯುತ್ಕಾಂತೀಯ ಅಲೆಯ ಕಣ) ಆಗಿ ಹೊರಬೀಳುತ್ತದೆ. ಎಷ್ಟು ಕಳೆದುಕೊಳ್ಳುತ್ತದೆ ಎನ್ನುವುದು ಪ್ರತಿ ಸಲ ಬೇರೆ, ಆದ್ದರಿಂದ ರೋಹಿತ ಅಖಂಡ. 100 ಕಿಲೋವೋಲ್ಟ್ ಎಕ್ಸ್ ಕಿರಣ ಕೊಳವೆಯಲ್ಲಿ ಫೋಟಾನಿನ ಶಕ್ತಿ 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟುವುದಿಲ್ಲ, ತರಂಗಾಂತರ 0.124 ಆಂಗ್‌ಸ್ಟ್ರಮ್‌ಗಿಂತ ಕೆಳಗಿಳಿಯುವುದಿಲ್ಲ. 59 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಎದ್ದು ಕಾಣುವ ಗೆರೆಗಳು ಎಲೆಕ್ಟ್ರಾನ್ ಬಡಿಯುವ ಆನೋಡಿನ ಲೋಹವಾದ ಟಂಗ್‌ಸ್ಟನ್ನಿನ ಸ್ವಂತದ್ದು. ಅವನ್ನು ಬ್ರೆಮ್ಸ್‌ಶ್ಟ್ರಾಲುಂಗ್ ಎನ್ನಬಾರದು. ಅಂದಹಾಗೆ, ಇಷ್ಟೆಲ್ಲ ಮಾಡಿ ಎಕ್ಸ್ ಕಿರಣವಾಗುವುದು ಶಕ್ತಿಯ ಸುಮಾರು 1% ಮಾತ್ರ. ಉಳಿದದ್ದು ಬಿಸಿ. ಆನೋಡನ್ನು ಗರಗರ ತಿರುಗಿಸುವುದು ಅದಕ್ಕೇ.

ಪದದ ಅರ್ಥ ನಿಜವಾಗಿ ಉಪಯೋಗಕ್ಕೆ ಬರುವುದು ಬೀಟಾ ಮೂಲಕ್ಕೆ ಮರೆ ಕಟ್ಟುವಾಗ. ಬೀಟಾ ಕಣವೂ ವೇಗದ ಎಲೆಕ್ಟ್ರಾನೇ. ವಿಕಿರಣಶೀಲ ರಂಜಕ-32 ತೆಗೆದುಕೊಳ್ಳಿ. ಅದರ ಬೀಟಾ ಕಣದ ಗರಿಷ್ಠ ಶಕ್ತಿ 1.71 ಮೆಗಾ ಎಲೆಕ್ಟ್ರಾನ್ ವೋಲ್ಟ್. ಸೀಸವಾದರೆ 1 ಮಿ.ಮೀ. ಒಳಗೇ ಅದನ್ನು ನಿಲ್ಲಿಸುತ್ತದೆ, ಅಕ್ರಿಲಿಕ್‌ಗೆ ಸುಮಾರು 7 ಮಿ.ಮೀ. ಬೇಕು. ಹಾಗಿದ್ದರೆ ಸೀಸವೇ ಸರಿ ಅನ್ನಿಸುತ್ತದೆ. ಎಡವುವುದು ಇಲ್ಲೇ. ಬೀಟಾ ಶಕ್ತಿಯಲ್ಲಿ ಫೋಟಾನಾಗಿ ಹೊರಡುವ ಪಾಲು ಅಂದಾಜು 0.00035 × ಪರಮಾಣು ಸಂಖ್ಯೆ × ಗರಿಷ್ಠ ಶಕ್ತಿ. ಸೀಸದ ಪರಮಾಣು ಸಂಖ್ಯೆ 82, ಉತ್ತರ ಸುಮಾರು 5%. ಅಕ್ರಿಲಿಕ್‌ಗೆ ಸರಾಸರಿ 6 ಹಿಡಿದರೆ 0.4%ಕ್ಕೂ ಕಡಿಮೆ. ತೆಳು ಸೀಸದ ಹಿಂದೆ ಗೈಗರ್ ಕೌಂಟರ್ ಟಿಕ್‌ಟಿಕ್ ಎನ್ನುತ್ತಲೇ ಇದ್ದರೆ ಬೀಟಾ ಸೋರುತ್ತಿದೆ ಎಂದುಕೊಳ್ಳಬೇಡಿ. ಅದು ಸೀಸವೇ ಹುಟ್ಟಿಸಿದ ಎಕ್ಸ್ ಕಿರಣ.

ಮೂಲದ ಕಡೆಗೆ 1 ಸೆಂ.ಮೀ. ಅಕ್ರಿಲಿಕ್ ಇರಲಿ. ಮೂಲ ಪ್ರಬಲವಾಗಿದ್ದು, ಅಲ್ಲಿ ಹುಟ್ಟುವ ಅಲ್ಪ ಫೋಟಾನುಗಳೂ ಲೆಕ್ಕಕ್ಕೆ ಬರುವಂತಿದ್ದರೆ ಮಾತ್ರ ಅದರ ಹೊರಗೆ ಸೀಸ. ಇದೇ ಎರಡು ಹಲಗೆಗಳನ್ನು ಅದಲುಬದಲು ಇಟ್ಟರೆ ಮೇಲಿನ ಲೆಕ್ಕ ಪೂರ್ತಿ ಕೈಕೊಡುತ್ತದೆ. ಇಂಗಾಲ-14ಕ್ಕೆ ಈ ತಲೆಬಿಸಿ ಇಲ್ಲ. ಅದರ ಗರಿಷ್ಠ ಶಕ್ತಿ 0.156 ಮೆಗಾ ಎಲೆಕ್ಟ್ರಾನ್ ವೋಲ್ಟ್ ಮಾತ್ರ.

ಪ್ರೋಟಾನ್‌ಗೆ ಇದೇ ಪದ ಯಾಕೆ ಅಪರೂಪ? ಈ ನಷ್ಟ ರಾಶಿಯ ವರ್ಗಕ್ಕೆ ವಿಲೋಮ. ಪ್ರೋಟಾನ್ 1836 ಪಟ್ಟು ಭಾರ, ಹಾಗಾಗಿ ನಷ್ಟ ಸುಮಾರು 34 ಲಕ್ಷ ಪಟ್ಟು ಕಡಿಮೆ. ಖಗೋಳದವರು ಗೆಲಾಕ್ಸಿ ಗೊಂಚಲುಗಳ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲದಿಂದ ಬರುವ ಎಕ್ಸ್ ಕಿರಣಕ್ಕೂ ಇದೇ ಹೆಸರು ಹೇಳುತ್ತಾರೆ. ‘ಫ್ರೀ-ಫ್ರೀ’ ಎಂದು ಬರೆದಿದ್ದರೂ ಅದೇ: ಎಲೆಕ್ಟ್ರಾನ್ ಮೊದಲೂ ಬಿಡಿ, ಆಮೇಲೂ ಬಿಡಿ.