ಹದಿನೈದು ದಿನ ಗ್ಯಾರೇಜಿನಲ್ಲೇ ಉಳಿದ ಕೆಂಪು ರಾಡು

ಭಾನುವಾರ ಬೆಳಗ್ಗೆ ಮೆಕ್ಯಾನಿಕ್ ಫೋನ್ ಮಾಡಿದ. "ಭಟ್ರೇ, ನಿಮ್ಮ ಆ ಕೆಂಪು ರಾಡು ಇಲ್ಲೇ ಉಂಟು. ಬೇಕಾ, ಗುಜರಿಗೆ ಹಾಕ್ಲಾ?"

ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿದೆ. ಎರಡು ಬದಿಯ ಬ್ರಾಕೆಟ್ ಹಾಗೇ ಇದೆ, ತಿರುವಿನಲ್ಲಿ ಗಾಡಿ ಗಟ್ಟಿಯಾಗಿ ನಿಲ್ಲಲಿ ಅಂತ ನಾನು ಹಾಕಿಸಿದ್ದ ನಡುವಿನ ರಾಡು ಮಾತ್ರ ಇಲ್ಲ. ಸರ್ವೀಸಿಗೆ ಬಿಟ್ಟಾಗ ಬಿಚ್ಚಿದವನು ತಿರುಗಿ ಹಾಕಲು ಮರೆತಿದ್ದ. ಅದಾಗಿ ಹದಿನೈದು ದಿನ. ಅಷ್ಟರಲ್ಲಿ ನಾನು ಮುಳ್ಳೇರಿಯದಿಂದ ಬೋವಿಕ್ಕಾನ, ಚೆರ್ಕಳ ದಾರಿಯಾಗಿ ಕಾಸರಗೋಡಿಗೆ ಆರೇಳು ಸಲ ಹೋಗಿಬಂದಿದ್ದೆ. ಒಮ್ಮೆ ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೂ ಹೋಗಿದ್ದೆ. ಘಾಟಿಯ ಒಂದು ತಿರುವಿನಲ್ಲಿ ಪಕ್ಕದಲ್ಲಿದ್ದ ಭಾವನಿಗೆ, "ನೋಡಿ ಭಾವ, ಆ ರಾಡು ಹಾಕಿದ ಮೇಲೆ ಗಾಡಿ ಹೇಗೆ ಹಳಿ ಮೇಲೆ ಹೋದ ಹಾಗೆ ಹೋಗ್ತದೆ" ಅಂತ ಹೇಳಿಯೂ ಆಗಿತ್ತು.

ಭಾವನಿಗೆ ಈ ಸಂಗತಿ ಇನ್ನೂ ಹೇಳಿಲ್ಲ. ಇಲ್ಲಿ ಓದಿಯೇ ತಿಳಿಯಲಿ.

ನನ್ನದು 2009ರ ಸ್ವಿಫ್ಟ್ ವಿಎಕ್ಸ್ಐ, ಪೆಟ್ರೋಲ್, ಕೆಎಲ್ 14 ನಂಬರು, ಸೆಕೆಂಡ್ ಹ್ಯಾಂಡ್. ರಾಡು ಅಂದರೆ ಸ್ಟ್ರಟ್ ಬಾರ್. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆ ಬಾಡಿಗೆ ಸೇರುವ ಜಾಗಕ್ಕೆ ಸ್ಟ್ರಟ್ ಟವರ್ ಅನ್ನುತ್ತಾರೆ. ಈ ಎರಡು ಟವರುಗಳ ನಡುವೆ ಅಡ್ಡಕ್ಕೆ ಬಿಗಿಯುವ ಸಲಾಕೆ ಇದು. ತಿರುವಿನಲ್ಲಿ ಟವರುಗಳ ಮೇಲೆ ಅಡ್ಡಬಲ ಬಿದ್ದಾಗ ಅವುಗಳ ನಡುವಿನ ಅಂತರ ಬದಲಾಗದ ಹಾಗೆ ಹಿಡಿಯುವುದು ಅದರ ಕೆಲಸ. ಗಾಡಿ ವಾಲುವುದನ್ನು ಅದು ತಡೆಯುವುದಿಲ್ಲ. ಅದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರಿನ (ಎಡಬಲ ಚಕ್ರಗಳನ್ನು ಜೋಡಿಸುವ ಇನ್ನೊಂದು ಸಲಾಕೆ) ಕೆಲಸ. ಈ ಎರಡನ್ನು ಗೊಂದಲ ಮಾಡಿಕೊಂಡವರು ತುಂಬ ಜನ. ಕೊಳ್ಳುವಾಗ ನಾನೂ ಅವರಲ್ಲೊಬ್ಬ.

ಬಾಡಿ ಗಟ್ಟಿ ಇದ್ದರೆ ಒಳ್ಳೆಯದು ಎಂಬುದೇನೋ ನಿಜ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಯುಮಿನಿಯಂ ದೋಟಿ (ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು) ಹಿಡಿದು ಅಡಿಕೆ ಗೊನೆ ಕೊಯ್ದವರಿಗೆ ಗೊತ್ತು, ಕೈ ಒಂದು ಕಡೆ ಹೋದರೆ ತುದಿಯ ಕತ್ತಿ ಇನ್ನೊಂದು ಕಡೆ ಹೋಗಿ ಓಲಾಡುತ್ತದೆ. ಕಾರ್ಬನ್ ಫೈಬರ್ ದೋಟಿ 60 ಅಡಿ ಇದ್ದರೂ ಕೈ ಹೇಳಿದ ಮಾತನ್ನು ತುದಿ ಕೇಳುತ್ತದೆ. ಕಾರೂ ಹಾಗೆಯೇ. ಸ್ಟಿಯರಿಂಗ್ ತಿರುಗಿಸಿದಾಗ ಬಾಡಿಯೇ ತಿರುಚಿಕೊಂಡರೆ ಚಕ್ರದ ಕೋನ ಕೆಡುತ್ತದೆ, ಗಾಡಿ ತಡವಾಗಿ ಉತ್ತರ ಕೊಡುತ್ತದೆ.

ಆದರೆ ಕಾರ್ಬನ್ ದೋಟಿ ಹಿಡಿದವನ ಕಾಲಡಿಯಲ್ಲೇ ಕೆಸರು ಜಾರುತ್ತಿದ್ದರೆ? ದೋಟಿ ಎಷ್ಟು ಗಟ್ಟಿ ಇದ್ದು ಏನು ಬಂತು?

ಒಂದು ಲೆಕ್ಕ ಹಾಕಿ ನೋಡೋಣ. ಬಾಡಿಯೂ ಒಂದು ಸ್ಪ್ರಿಂಗೇ, ಭಾರೀ ಗಟ್ಟಿ ಸ್ಪ್ರಿಂಗ್, ಅಷ್ಟೇ. ಸಸ್ಪೆನ್ಷನ್ನಿಗಿಂತ, ಅಂದರೆ ಚಕ್ರಗಳ ಮೇಲಿನ ಸ್ಪ್ರಿಂಗ್ ವ್ಯವಸ್ಥೆಗಿಂತ, ಬಾಡಿ ಹತ್ತು ಪಟ್ಟು ಗಟ್ಟಿ ಅಂತ ಇಟ್ಟುಕೊಳ್ಳಿ. ಒಟ್ಟು ತಿರುಚಿನ 11 ಪಾಲಿನಲ್ಲಿ 10 ಪಾಲು ಸಸ್ಪೆನ್ಷನ್ನಿನದು, 1 ಪಾಲು ಬಾಡಿಯದು, ಅಂದರೆ ಶೇ. 9ರಷ್ಟು. ಬಾಡಿಯನ್ನು ಇಮ್ಮಡಿ ಗಟ್ಟಿ ಮಾಡಿದಿರಿ ಅನ್ನಿ. ಬಾಡಿಯ ಪಾಲು ಶೇ. 5ಕ್ಕೆ ಇಳಿಯುತ್ತದೆ. ಅಷ್ಟೆಲ್ಲ ಕಬ್ಬಿಣ ಸೇರಿಸಿ ಸಿಕ್ಕಿದ್ದು ಶೇ. 4. ಒಂದು ಸಲಾಕೆಯಿಂದ ಬಾಡಿ ಇಮ್ಮಡಿ ಗಟ್ಟಿ ಆಗುವುದಿಲ್ಲ, ಅದು ಬೇರೆ ಮಾತು. ಸಣ್ಣ ಕಾರಿನಲ್ಲಿ ಟವರುಗಳು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಗೆ ತೀರಾ ಹತ್ತಿರ ಇರುತ್ತವೆ. ಆ ಗೋಡೆ ಅವನ್ನು ಮೊದಲೇ ಹಿಡಿದುಕೊಂಡಿರುತ್ತದೆ.

ನಂಬಿಕೆ ಬರಲಿಲ್ಲ. ಒಂದು ಪರೀಕ್ಷೆ ಮಾಡಿದೆ. ರಾಡನ್ನು ಒಂದೇ ಬದಿಗೆ ಬಿಗಿದು, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ, ಆ ಬದಿಯ ಟವರಿಗೆ ರಟ್ಟು ಅಂಟಿಸಿದೆ. ಟವರ್ ಅಲುಗಿದರೆ ರಟ್ಟಿನ ಮೇಲೆ ಗೆರೆ ಬೀಳಬೇಕು. ಬದಿಯಡ್ಕದವರೆಗೆ ಜೋರಾಗಿಯೇ ಹೋಗಿಬಂದೆ. ಗೆರೆ ಬಿದ್ದಿತ್ತು, ಆದರೆ ಒಂದು ಅಕ್ಕಿಕಾಳಿನಷ್ಟೂ ಉದ್ದ ಇರಲಿಲ್ಲ. ಅದರಲ್ಲೂ ಸ್ವಲ್ಪ ಪೆನ್ಸಿಲ್ಲೇ ನಡುಗಿ ಬಿದ್ದದ್ದು ಇರಬೇಕು.

ಹಾಗಾದರೆ ರಾಡು ಹಾಕಿದ ದಿನ ಗಾಡಿ ನಿಜಕ್ಕೂ ಬೇರೆಯೇ ಅನಿಸಿತ್ತಲ್ಲ? ಹಳೆಯ ಬಿಲ್ಲು ಹುಡುಕಿ ತೆಗೆದೆ. ನಗು ಬಂತು. ಅದೇ ದಿನ ಮುಂದಿನ ಎರಡೂ ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ರಬ್ಬರ್ ಜೋಡಣೆ) ಬದಲಾಗಿತ್ತು, ನಾಲ್ಕು ಹೊಸ ಟಯರ್ ಬಿದ್ದಿತ್ತು, ವೀಲ್ ಅಲೈನ್‌ಮೆಂಟ್ ಆಗಿತ್ತು. ಹೊಗಳಿಕೆ ಎಲ್ಲ ರಾಡಿಗೆ ಸಿಕ್ಕಿತ್ತು. ಬಾನೆಟ್ ಎತ್ತಿದರೆ ಕೆಂಪಗೆ ಕಾಣುವುದು ಅದೊಂದೇ ಅಲ್ವಾ?

ಬಿಚ್ಚಿದ ಹಳೇ ಬುಷ್ಷನ್ನು ಮೆಕ್ಯಾನಿಕ್ ಅವತ್ತು ಕೈಗೆ ಕೊಟ್ಟಿದ್ದ. ರಬ್ಬರ್ ಸೀಳಿ, ನಡುವಿನ ಕೊಳವೆ ಬೆರಳಲ್ಲೇ ಅಲುಗಾಡುತ್ತಿತ್ತು. ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತಿದ್ದುದು ಇದರಿಂದಲೇ. ನಮ್ಮ ಮನೆಗೆ ಇಳಿಯುವ ಮುರಕಲ್ಲಿನ ಮಣ್ಣುರಸ್ತೆಯಲ್ಲಿ ಬುಷ್ ಬಾಳುವುದೇ ಕಷ್ಟ. ಟಯರಿನ ವಿಷಯವೂ ಅಷ್ಟೇ. ಮೊದಲು ಇದ್ದದ್ದು 165/80 ಆರ್14. 165ರ ಶೇ. 80 ಅಂದರೆ ಪಕ್ಕದ ಗೋಡೆ 132 ಮಿಲಿಮೀಟರ್ ಎತ್ತರ. ತಿರುವಿನಲ್ಲಿ ಅಷ್ಟೆತ್ತರದ ರಬ್ಬರ್ ಬಾಗುವಾಗ ಮೇಲೆ ತಗಡು ಅಕ್ಕಿಕಾಳಿನಷ್ಟು ಅಲುಗಿತೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಈಗ ಇರುವುದು 185/70 ಆರ್14, ಇದೇ ಸ್ವಿಫ್ಟಿನ ಮೇಲಿನ ಮಾಡೆಲ್‌ಗೆ ಕಂಪೆನಿಯೇ ಕೊಡುತ್ತಿದ್ದ ಸೈಜು. ಎತ್ತರ ಹೆಚ್ಚುಕಮ್ಮಿ ಅಷ್ಟೇ, ಅಗಲ ಜಾಸ್ತಿ. ಮಳೆಗಾಲದಲ್ಲಿ ಚೆರ್ಕಳದ ರಸ್ತೆಯಲ್ಲಿ ಧೈರ್ಯ ಕೊಟ್ಟದ್ದು ಅದು.

ಬಾಡಿ ಗಟ್ಟಿ ಮಾಡುವುದು ದಂಡ ಅಂತಲೂ ನಾನು ಹೇಳುವುದಿಲ್ಲ. ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರಿನ ಸ್ಪ್ರಿಂಗ್ ಕಲ್ಲಿನ ಹಾಗಿರುತ್ತದೆ. ಮೇಲಿನ ಲೆಕ್ಕದಲ್ಲಿ ಬಾಡಿಯ ಪಾಲು ಅಲ್ಲಿ ಏರುತ್ತದೆ, ಗಟ್ಟಿ ಮಾಡಿದ್ದು ಗೊತ್ತಾಗುತ್ತದೆ. ಒಳಗಿನ ರೋಲ್ ಕೇಜ್, ಅಂದರೆ ಕೊಳವೆಗಳ ಗೂಡು, ಇರುವುದು ಚಾಲಕನ ಜೀವ ಉಳಿಸಲು, ಆದರೂ ಬಾಡಿಗೆ ಬಲ ಬರುವುದು ಅದರಿಂದಲೇ. ಹ್ಯಾಚ್‌ಬ್ಯಾಕಿನ ಹಿಂದೆ ಬಾಗಿಲಿಗೆಂದು ದೊಡ್ಡ ಬಾಯಿ ತೆರೆದಿರುವುದರಿಂದ ಅಲ್ಲಿ ಬಾಡಿ ಸ್ವಲ್ಪ ಸೋಲುತ್ತದೆ. ಹಾಕುವುದೇ ಆದರೆ ಅಲ್ಲೊಂದು ಅಡ್ಡಪಟ್ಟಿ ಹಾಕಿದರೆ ಏನಾದರೂ ಅರ್ಥ ಇದೆ. ಹಳೇ ಗಾಡಿಯವರು ಮಾತ್ರ ಮೊದಲು ಅಡಿಗೆ ನುಗ್ಗಿ ತುಕ್ಕು ನೋಡಿ. ನಮ್ಮ ಮಳೆಗೆ, ಕಡಲಕರೆಯ ಉಪ್ಪುಗಾಳಿಗೆ ಬಾಡಿಯ ಜೋಡಣೆಗಳೇ ತಿಂದುಹೋಗಿದ್ದರೆ ಮೇಲೆ ಸಲಾಕೆ ಬಿಗಿದು ಏನು ಮಾಡುವುದು?

ವೆಲ್ಡಿಂಗ್ ಗಿಲ್ಡಿಂಗ್ ಮಾಡಿಸಲು ಹೋಗಬೇಡಿ. ತಯಾರಕರು ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕೇರಳದ್ದೇ ಒಂದು ಪ್ರಕರಣದಲ್ಲಿ.

ಈಗ ಎಡಬದಿಯ ಸ್ಟ್ರಟ್ ಮೌಂಟಿಂಗ್ (ಶಾಕ್ ಅಬ್ಸಾರ್ಬರ್ ತಲೆಯನ್ನು ಟವರಿಗೆ ಹಿಡಿಯುವ ಭಾಗ) ಕಟಕಟ ಅನ್ನಲು ಶುರುಮಾಡಿದೆ. ಮಳೆ ಹಿಡಿಯುವ ಮೊದಲು ಅದನ್ನು ಬದಲಾಯಿಸಬೇಕು. ಕೆಂಪು ರಾಡನ್ನು ಗ್ಯಾರೇಜಿನಿಂದ ತಂದಿದ್ದೇನೆ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ಕೊಟ್ಟಿಗೆಯ ಮೂಲೆಯಲ್ಲಿ, ಹಳೇ ಅಲ್ಯುಮಿನಿಯಂ ದೋಟಿಗೆ ಒರಗಿ ನಿಂತಿದೆ.