ಮೆಡಿಕಲ್ ಬೋರ್ಡಿನ ಒಂದು ಸಾಲು

ಸೈನ್ಯದಲ್ಲಿ ಕಾಲು ಮುರಿದುಕೊಂಡವನ ಕೈಯಲ್ಲಿ ಎಕ್ಸ್‌ರೇ ಇರುತ್ತದೆ. ಮನಸ್ಸಿನ ಕಾಯಿಲೆ ಅಂತ ಮನೆಗೆ ಕಳಿಸಿದವನ ಹತ್ತಿರ ಇರುವುದು ಮೆಡಿಕಲ್ ಬೋರ್ಡಿನ ವರದಿ ಮಾತ್ರ. ಅದರಲ್ಲೂ ಬಹಳ ಸಲ ಒಂದೇ ಸಾಲು: ಇದು ಆತನ ದೇಹಪ್ರಕೃತಿಯಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ. ಮಾಜಿ ಸೈನಿಕರು ಇದನ್ನು ಎನ್‌ಎಎನ್‌ಎ ಅಂತಾರೆ, ಅಂದ್ರೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅದು ಬಿತ್ತು ಅಂದ್ರೆ ಅಂಗವೈಕಲ್ಯ ಪಿಂಚಣಿ ಕೈತಪ್ಪಿತು ಅಂತಲೇ ಲೆಕ್ಕ.

ಈ ಸಾಲನ್ನು ಕೋರ್ಟು ಪ್ರಶ್ನಿಸಬಹುದೇ? ವೀರ್ ಪಾಲ್ ಸಿಂಗ್ ಪ್ರಕರಣ ನೋಡಿ. 1972ರಲ್ಲಿ ಸೈನ್ಯಕ್ಕೆ ಸೇರಿದವರು. 1977ರಲ್ಲಿ 'ಸ್ಕಿಜೋಫ್ರೇನಿಕ್ ರಿಯಾಕ್ಷನ್' (ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಬಗೆಯ ಮನೋರೋಗ) ಅಂತ ಬರೆದು ಮನೆಗೆ ಕಳಿಸಿದರು. ಡಾಕ್ಟರ್‌ಗಳು ಹೇಳಿದ ಮೇಲೆ ನಾವೇನು ಮಾಡೋಕಾಗುತ್ತೆ ಎಂಬ ಧಾಟಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೈತೊಳೆದುಕೊಂಡಿತು. 2013ರಲ್ಲಿ ಸುಪ್ರೀಂ ಕೋರ್ಟು ಮಾತ್ರ ಆ ವರದಿಯನ್ನೇ ಬಿಚ್ಚಿ ಓದಿತು. ಜಗಳಗಂಟ, ಸಿಡುಕ, ದುಡುಕು ಸ್ವಭಾವ, ಆದರೆ ಚಿಕಿತ್ಸೆಯಿಂದ ಸುಧಾರಿಸಿದ್ದಾನೆ ಅಂತ ಮನೋವೈದ್ಯರೇ ಬರೆದಿದ್ದರು. ಸುಧಾರಿಸಿದ್ದಾನೆ ಅಂದ ಮೇಲೆ ಸೇವೆಗೆ ನಾಲಾಯಕ್ಕು ಹೇಗಾದ? ವೈದ್ಯರ ಅಭಿಪ್ರಾಯಕ್ಕೆ ಗೌರವ ಕೊಡಬೇಕು ನಿಜ, ಆದರೆ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ ಅಂದ ಕೋರ್ಟು, ಮರುಪರಿಶೀಲನಾ ಬೋರ್ಡಿಗೆ ಕಳಿಸಿತು. ಮನೆಗೆ ಕಳಿಸಿ 36 ವರ್ಷ ಆದ ಮೇಲೆ ಮತ್ತೆ ಪರೀಕ್ಷೆ! ಆಗಿನ ಮನಸ್ಥಿತಿಯನ್ನು ಈಗ ಯಾವ ಡಾಕ್ಟರ್ ನೋಡ್ತಾರೋ, ನನಗಂತೂ ಅರ್ಥವಾಗಲಿಲ್ಲ.

ಅದೇ ವರ್ಷದ ಧರಮ್‌ವೀರ್ ಸಿಂಗ್ ತೀರ್ಪು ಮೂರ್ಛೆರೋಗದ್ದು, ಆದರೂ ಎಲ್ಲರೂ ಹಿಡಿದುಕೊಳ್ಳುವುದು ಅದನ್ನೇ. ಸೇರುವಾಗ ಕಾಯಿಲೆ ದಾಖಲಾಗಿಲ್ಲ ಅಂದ್ರೆ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕು, ಅಲ್ಲ ಅನ್ನುವವರು ಸಾಬೀತು ಮಾಡಬೇಕು, ಅನುಮಾನದ ಲಾಭ ಸೈನಿಕನಿಗೆ.

ಆದರೆ 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಗಾಳಿ ತಿರುಗಿತು. ಅದೂ ಸ್ಕಿಜೋಫ್ರೇನಿಯಾವೇ. ಮನಸ್ಸಿನ ಕಾಯಿಲೆ ಭರ್ತಿಯ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದೆ ಇರಬಹುದು, ದಾಖಲಾಗಿಲ್ಲ ಅಂದ ಮಾತ್ರಕ್ಕೆ ಸೇವೆಯೇ ಕಾರಣ ಅನ್ನಲಾಗದು ಅಂತ ಹೇಳಿ ಸುಪ್ರೀಂ ಕೋರ್ಟು ಪಿಂಚಣಿ ನಿರಾಕರಿಸಿತು. ಮೊದಲರ್ಧ ಒಪ್ಪೋಣ. ಎರಡನೆಯದಕ್ಕೆ ನನ್ನ ತಕರಾರಿದೆ: ಕಾಣದ ಕಾಯಿಲೆಯ ಹೊರೆ ಯಾವಾಗಲೂ ಕಾಯಿಲೆಯವನ ಮೇಲೇ ಯಾಕೆ ಬೀಳಬೇಕು? ಬಂದೂಕು ಹಿಡಿದು ಮನೆ, ನಿದ್ದೆ ಬಿಟ್ಟು ವರ್ಷಗಟ್ಟಲೆ ಇದ್ದವನ ತಲೆ ಕೆಟ್ಟಿತು ಅಂದಾಗ, ಇದಕ್ಕೂ ಸೇವೆಗೂ ಯಾಕೆ ಸಂಬಂಧವಿಲ್ಲ ಅಂತ ಬೋರ್ಡು ನಾಲ್ಕು ಸಾಲು ಬರೆಯಲಿ, ಅಷ್ಟೇ ಸಾಕು. 2025ರ ರಾಜುಮೋನ್ ಪ್ರಕರಣದಲ್ಲಿ, ಮತ್ತೆ ಸ್ಕಿಜೋಫ್ರೇನಿಯಾ, ಸುಪ್ರೀಂ ಕೋರ್ಟು ಹಿಡಿದದ್ದೂ ಇದನ್ನೇ. ಕಾರಣ ಕೊಡದ ವರದಿ ನಿಲ್ಲಲಿಲ್ಲ.

ನಮ್ಮ ಕೊಡಗು, ಬೆಳಗಾವಿ ಕಡೆ ಇಂಥ ಮನೆಯವರು ಯಾರಾದರೂ ಇದ್ದರೆ ಮೊದಲು ಬೋರ್ಡಿನ ಪೂರ್ತಿ ಕಡತದ ನಕಲು ಕೇಳಿ, ಬರೀ ತಿರಸ್ಕಾರದ ಪತ್ರ ಇಟ್ಟುಕೊಂಡು ಕೂರಬೇಡಿ. ಭರ್ತಿಯ ದಿನದ ವೈದ್ಯಕೀಯ ದಾಖಲೆಯನ್ನೂ ಕೇಳಿ. ಕರ್ನಾಟಕದ ಕೇಸುಗಳು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಬರುತ್ತವೆ.