ಚಿತ್ರ ಅಲುಗಾಡುವುದೇ ಇಲ್ಲವಲ್ಲ, ಇದೆಂಥ ಅನಿಮೇಷನ್?

‘ಕನಾಶಿಮಿ ನೋ ಬೆಲ್ಲಡೊನ್ನಾ’ ನೋಡಲು ಕೂತವರು ಹತ್ತೇ ನಿಮಿಷಕ್ಕೆ ಕೇಳುವ ಪ್ರಶ್ನೆ ಇದು. 1973ರ ಜಪಾನಿ ಚಿತ್ರ. ನಿರ್ದೇಶನ ಎಯಿಚಿ ಯಮಾಮೊಟೊ, ಚಿತ್ರಕಲೆ ಕುನಿ ಫುಕಾಯ್, ತಯಾರಿಸಿದ್ದು ಮುಶಿ ಪ್ರೊಡಕ್ಷನ್. ಆ ಸಂಸ್ಥೆ ಕಟ್ಟಿದ ಹೆಸರಾಂತ ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ಅಷ್ಟರಲ್ಲಿ ಹೊರಗೆ ಹೋಗಿದ್ದರು. ಇದನ್ನು ಅವರ ಲೆಕ್ಕಕ್ಕೆ ಸೇರಿಸುವುದು ತಪ್ಪು. ಮದುವೆಯ ದಿನವೇ ಊರ ದೊರೆಯಿಂದ ಅತ್ಯಾಚಾರಕ್ಕೊಳಗಾದ ಝಾನ್ ಎಂಬ ಹಳ್ಳಿ ಹೆಣ್ಣು ಸೈತಾನನ ಕೈಹಿಡಿಯುವ ಕಥೆ.

ಇಲ್ಲಿ ಚಿತ್ರ ನಿಂತಿರುತ್ತದೆ, ನೋಟ ಅದರ ಮೇಲೆ ಸಾಗುತ್ತದೆ. ಕ್ಯಾಮೆರಾ ಮೇಲೆ, ಚಿತ್ರ ಕೆಳಗೆ ಮೇಜಿನ ಮೇಲೆ. ಚಿತ್ರವನ್ನು ಚೂರು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು; ಸೆಕೆಂಡಿಗೆ 24. ಉದಾಹರಣೆಗೆ, 60 ಸೆಂಟಿಮೀಟರ್ ಉದ್ದದ ಚಿತ್ರವನ್ನು 10 ಸೆಕೆಂಡಿನಲ್ಲಿ ದಾಟಬೇಕೆಂದರೆ 240 ಫ್ರೇಮ್, ಪ್ರತಿಸಲ ಎರಡೂವರೆ ಮಿಲಿಮೀಟರ್. ಸರಿಸುವ ಅಳತೆ ಏರುಪೇರಾದರೆ ಚಿತ್ರ ಕುಲುಕುತ್ತದೆ. ಓಟ ಅತಿಯಾದರೆ ಗೆರೆಗಳು ಎರಡೆರಡಾಗಿ ಕಾಣುತ್ತವೆ.

ಹೀಗೆ ಮಾಡಲು ದುಡ್ಡಿನ ಮುಗ್ಗಟ್ಟೂ ಕಾರಣ, ನಿಜ, ಅದೇ ವರ್ಷ ಸಂಸ್ಥೆ ದಿವಾಳಿಯೂ ಆಯಿತು. ಆದರೆ ಇಲ್ಲಿನ ಚಿತ್ರಗಳು ಜಲವರ್ಣದವು, ಅದಕ್ಕೆ ಬೇರೆ ದಾರಿಯೂ ಕಡಿಮೆ. ಮಾಮೂಲಿ ಅನಿಮೇಷನ್‌ನಲ್ಲಿ ಪಾರದರ್ಶಕ ಹಾಳೆಗೆ ಗೆರೆ ಇಳಿಸಿ, ಹಿಂದಿನಿಂದ ಒಂದೇ ಸಮನಾದ ಬಣ್ಣ ತುಂಬುತ್ತಾರೆ. ಫುಕಾಯ್ ಅವರ ಬಣ್ಣ ಕಾಗದದಲ್ಲಿ ಹರಡಿ ಮಸುಕಾಗುವ ಬಗೆ ಆ ಹಾಳೆಯಲ್ಲಿ ಉಳಿಯುವುದಿಲ್ಲ. ಪ್ರತಿ ಫ್ರೇಮನ್ನೂ ಹೊಸದಾಗಿ ಬಳಿದರೆ ಕಲೆಗಳು ಒಂದರಂತೆ ಇನ್ನೊಂದಿರದೆ ತೆರೆಯೆಲ್ಲ ಮಿನುಗುತ್ತದೆ.

ಹೀಗೆ ನಿಂತದ್ದು ಯಾವಾಗ ಚಲಿಸುತ್ತದೆ ಎಂಬುದೇ ನನಗೆ ಈ ಚಿತ್ರದ ಜೀವಾಳ. ಅತ್ಯಾಚಾರದ ದೃಶ್ಯದಲ್ಲಿ ಝಾನ್‌ಳ ಬಿಳಿ ದೇಹವನ್ನು ಕೆಂಪು ಸೀಳಿಕೊಂಡು ಹೋಗುತ್ತದೆ, ಆ ಕೆಂಪೇ ಬಾವಲಿಗಳಾಗಿ ಹಾರುತ್ತದೆ. ಪ್ಲೇಗ್ ಬಂದಾಗ ಊರಿನ ಕಟ್ಟಡಗಳು ಕರಗಿ ಸುರಿಯುತ್ತವೆ. ಅಷ್ಟು ಹೊತ್ತು ಅಲುಗದ ಚಿತ್ರ ನೋಡಿದ ಕಣ್ಣಿಗೆ ಅದು ಹೊಡೆತದಂತೆ ತಾಗುತ್ತದೆ.

ಮಕ್ಕಳ ಜೊತೆ ಇದನ್ನು ಖಂಡಿತ ನೋಡಬೇಡಿ. ಹುಡುಕುವುದಾದರೆ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದ ಪ್ರತಿಯನ್ನೇ ಹುಡುಕಿ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಮೂಲದಲ್ಲಿ ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ನಡುವೆ ತುರುಕುವುದರಿಂದ ಗೆರೆಗಳು ಕಲಸಿಹೋಗುತ್ತವೆ. ವಿವಿಡ್ ಮೋಡ್ ಬಿಟ್ಟು ಸಿನಿಮಾ ಮೋಡ್ ಹಾಕಿ. ಅನೇಕ ಕಡೆ ಅರ್ಧ ತೆರೆ ಬರೀ ಬಿಳಿಯೇ ಇರುತ್ತದೆ, ಹೊಳಪು ಜಾಸ್ತಿಯಾದರೆ ಪಕ್ಕದ ತೆಳು ಬಣ್ಣವೂ ಅದರಲ್ಲೇ ಮುಳುಗುತ್ತದೆ. ಆರಂಭದಲ್ಲೇ ಝಾನ್‌ಳ ಮುಖದ ಸಣ್ಣ ಗೆರೆಗಳನ್ನು ಗಮನಿಸಿ. ಅವು ಕಾಣದಿದ್ದರೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇನ್ನಷ್ಟು ಇಳಿಸಿ.